ಐವರಲ್ಲಿ ಒಬ್ಬರು ಮತ ಹಾಕಿದ ಪಕ್ಷಕ್ಕೆ ಜರ್ಮನಿ ಹೆದರುವುದೇಕೆ?

2025ರ ಮೇ 2ರಂದು ಜರ್ಮನಿಯ ಆಂತರಿಕ ಗುಪ್ತಚರ ಸಂಸ್ಥೆ ಎಎಫ್‌ಡಿ (‘ಜರ್ಮನಿಗೆ ಪರ್ಯಾಯ’) ಎಂಬ ಪಕ್ಷವನ್ನು ‘ಖಚಿತವಾದ ಬಲಪಂಥೀಯ ಉಗ್ರವಾದಿ’ಗಳ ಪಟ್ಟಿಗೆ ಸೇರಿಸಿತು. ಎಲ್ಲೋ ಮೂಲೆಯಲ್ಲಿ ಕೂಗಾಡುವ ನೂರು ಜನರ ಗುಂಪಾಗಿದ್ದರೆ ಇದು ಸುದ್ದಿಯೇ ಆಗುತ್ತಿರಲಿಲ್ಲ. ಆದರೆ ಅದಕ್ಕೆ ಹತ್ತು ವಾರ ಮೊದಲು ನಡೆದ ಸಾರ್ವತ್ರಿಕ ಚುನಾವಣೆಯಲ್ಲಿ ಈ ಪಕ್ಷ ಶೇ 20.8ರಷ್ಟು ಮತ ಪಡೆದಿತ್ತು. 630 ಸದಸ್ಯರ ಸಂಸತ್ತಿನಲ್ಲಿ, ಅಂದರೆ ಬುಂಡೆಸ್ಟಾಗ್‌ನಲ್ಲಿ, 152 ಸ್ಥಾನ ಹಿಡಿದು ಎರಡನೇ ಅತಿ ದೊಡ್ಡ ಪಕ್ಷವಾಗಿ ಕುಳಿತಿತ್ತು.

ಅಮೆರಿಕದ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ಅದೇ ದಿನ ಕಿಡಿ ಕಾರಿದರು: ಇದು ಪ್ರಜಾಪ್ರಭುತ್ವವಲ್ಲ, ವೇಷ ಹಾಕಿಕೊಂಡ ದಬ್ಬಾಳಿಕೆ. ಜರ್ಮನಿಯ ವಿದೇಶಾಂಗ ಇಲಾಖೆ ಅಷ್ಟೇ ಚುಟುಕಾಗಿ ಉತ್ತರಿಸಿತು: ಇದೇ ಪ್ರಜಾಪ್ರಭುತ್ವ, ಬಲಪಂಥೀಯ ಉಗ್ರವಾದವನ್ನು ತಡೆಯಬೇಕೆಂದು ನಮ್ಮ ಚರಿತ್ರೆಯಿಂದ ಕಲಿತಿದ್ದೇವೆ. ಪಕ್ಷ ಕಲೋನ್‌ನ ಆಡಳಿತ ನ್ಯಾಯಾಲಯದ ಮೆಟ್ಟಿಲೇರಿತು. ವಾರ ಕಳೆಯುವಷ್ಟರಲ್ಲಿ ಗುಪ್ತಚರ ಸಂಸ್ಥೆ, ನ್ಯಾಯಾಲಯದ ತೀರ್ಮಾನ ಬರುವತನಕ ಆ ಹಣೆಪಟ್ಟಿಯನ್ನು ಬಳಸುವುದಿಲ್ಲ ಎಂದಿತು. ಜೂನ್ ಕೊನೆಯಲ್ಲಿ ಎಡ ಒಲವಿನ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ, ಎಎಫ್‌ಡಿಯನ್ನು ನಿಷೇಧಿಸುವ ಅರ್ಜಿಗೆ ಸಿದ್ಧತೆ ಆರಂಭವಾಗಲಿ ಎಂದು ಠರಾವು ಮಾಡಿತು.

ಹೊರಗಿನಿಂದ ನೋಡಿದವರಿಗೆ ಇದು ವಿಚಿತ್ರ. ಜನ ಮತ ಹಾಕಿ ಆರಿಸಿದವರನ್ನು ನಿಷೇಧಿಸುವ ಮಾತಾಡಿ, ಅದನ್ನೇ ಪ್ರಜಾಪ್ರಭುತ್ವದ ರಕ್ಷಣೆ ಎನ್ನುವುದು ಹೇಗೆ? ಉತ್ತರ ಹುಡುಕಲು 1933ಕ್ಕೆ ಹೋಗಬೇಕು. ‘ಹಿಟ್ಲರ್ ಚುನಾವಣೆ ಗೆದ್ದು ಬಂದ’ ಎಂಬ ಒಂದು ಸಾಲಿನ ನೆನಪು ಇಲ್ಲಿ ಸಾಲದು. ಆ ಸಾಲು ಅರ್ಧ ತಪ್ಪು, ಮತ್ತು ಈಗಿನ ಚರ್ಚೆಯೆಲ್ಲ ನಿಂತಿರುವುದು ಆ ತಪ್ಪಿರುವ ಅರ್ಧದ ಮೇಲೆ.

ಶೇ 2.6ರಿಂದ ಶೇ 37ಕ್ಕೆ

ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ 1919ರ ಆಗಸ್ಟ್‌ನಲ್ಲಿ ಹೊಸ ಸಂವಿಧಾನ ಮಾಡಿಕೊಂಡಿತು. ಅದು ರೂಪುಗೊಂಡ ಊರಿನ ಹೆಸರಿನಿಂದ ಆ ಕಾಲದ ಗಣರಾಜ್ಯಕ್ಕೆ ವೈಮಾರ್ ಎಂಬ ಹೆಸರು ಅಂಟಿಕೊಂಡಿದೆ. ಮಹಿಳೆಯರಿಗೂ ಮತ, ಬಿದ್ದ ಮತದ ಪ್ರಮಾಣಕ್ಕೆ ತಕ್ಕಷ್ಟೇ ಸ್ಥಾನ, ಉದ್ದನೆಯ ಹಕ್ಕುಗಳ ಪಟ್ಟಿ: ಆ ಕಾಲಕ್ಕೆ ಅತ್ಯಂತ ಉದಾರ ಸಂವಿಧಾನಗಳಲ್ಲಿ ಅದೂ ಒಂದು.

1923ರ ನವೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಹಿಟ್ಲರ್ ಸಶಸ್ತ್ರ ದಂಗೆ ಎಬ್ಬಿಸಲು ಹೋಗಿ ಸೋತ. ನಾಲ್ವರು ಪೊಲೀಸರು ಸತ್ತರು. ದೇಶದ್ರೋಹದ ಆರೋಪ ಸಾಬೀತಾದರೂ ನ್ಯಾಯಾಧೀಶರು ಕೊಟ್ಟಿದ್ದು ಐದು ವರ್ಷ, ಅದರಲ್ಲಿ 1924ರ ಡಿಸೆಂಬರ್ ಹೊತ್ತಿಗೇ ಬಿಡುಗಡೆ. ಆತ ಆಸ್ಟ್ರಿಯಾದ ಪ್ರಜೆ; ಕಾನೂನಿನ ಪ್ರಕಾರ ಗಡೀಪಾರು ಮಾಡಬೇಕಿತ್ತು. ಇಷ್ಟು ದೇಶಪ್ರೇಮಿಗೆ ಆ ಕಾನೂನು ಅನ್ವಯಿಸದು ಎಂದು ನ್ಯಾಯಾಲಯವೇ ಹೇಳಿತು. (1932ರ ಫೆಬ್ರುವರಿವರೆಗೆ ಆತ ಜರ್ಮನ್ ಪ್ರಜೆಯೇ ಆಗಿರಲಿಲ್ಲ. ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕಾಗಿ ಬಂದಾಗ, ತನ್ನವರೇ ಅಧಿಕಾರದಲ್ಲಿದ್ದ ಬ್ರೌನ್‌ಶ್ವೈಗ್ ರಾಜ್ಯದಲ್ಲಿ ಹೆಸರಿಗೊಂದು ಸರ್ಕಾರಿ ನೌಕರಿ ಕೊಡಿಸಿಕೊಂಡು ಪೌರತ್ವ ಪಡೆದ.)

ಜೈಲಿನಿಂದ ಹೊರಬಂದವನು ಒಂದು ಪಾಠ ಕಲಿತಿದ್ದ. ಬಂದೂಕಿನಿಂದ ಆಗದ್ದನ್ನು ಕಾನೂನಿನಿಂದ ಮಾಡಬೇಕು. ಇದನ್ನು ಆತ ಮುಚ್ಚಿಟ್ಟದ್ದೂ ಇಲ್ಲ. 1930ರ ಸೆಪ್ಟೆಂಬರ್‌ನಲ್ಲಿ ಲೈಪ್‌ಜಿಗ್‌ನ ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಂತ ಹಿಟ್ಲರ್, ಸಂವಿಧಾನದ ದಾರಿಯಲ್ಲೇ ಬಹುಮತ ಪಡೆಯುತ್ತೇವೆ, ಆಮೇಲೆ ರಾಜ್ಯವನ್ನು ನಮ್ಮ ಅಚ್ಚಿಗೆ ಎರಕ ಹೊಯ್ಯುತ್ತೇವೆ, ಆಗ ತಲೆಗಳು ಉರುಳುತ್ತವೆ ಎಂದ. ಕೇಳಿದವರು ‘ಸಂವಿಧಾನದ ದಾರಿ’ ಎಂಬ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡು ಸಮಾಧಾನಪಟ್ಟರು.

ನಾಜಿಗಳನ್ನು ಬೆಳೆಸಿದ್ದು 1923ರ ಬೆಲೆಯೇರಿಕೆ ಎಂಬುದು ಪದೇ ಪದೇ ಕೇಳಿಬರುವ ಮಾತು. ತಳ್ಳುಗಾಡಿಯ ತುಂಬ ನೋಟು ಒಯ್ದು ಬ್ರೆಡ್ ತರುವ ಚಿತ್ರ ನೆನಪಿನಲ್ಲಿ ಉಳಿಯುವಂಥದ್ದು, ಅದಕ್ಕೇ ಇರಬೇಕು. ಕ್ರಮ ನೋಡಿದರೆ ಲೆಕ್ಕ ಕೂಡುವುದಿಲ್ಲ. ಬೆಲೆಯೇರಿಕೆ ಮುಗಿದು ನಾಲ್ಕೂವರೆ ವರ್ಷ ಕಳೆದ ಮೇಲೆ, 1928ರ ಮೇ ಚುನಾವಣೆಯಲ್ಲಿ ನಾಜಿಗಳಿಗೆ ಸಿಕ್ಕಿದ್ದು ಶೇ 2.6 ಮತ, 12 ಸ್ಥಾನ. ಅವರು ಜಿಗಿದದ್ದು 1929ರ ಆರ್ಥಿಕ ಕುಸಿತದ ನಂತರ. 1930ರ ಸೆಪ್ಟೆಂಬರ್‌ನಲ್ಲಿ ಶೇ 18.3 ಮತ, 107 ಸ್ಥಾನ. 1932ರ ಜುಲೈನಲ್ಲಿ ಶೇ 37.3 ಮತ, 230 ಸ್ಥಾನ. 1932ರ ಆರಂಭಕ್ಕೆ ನಿರುದ್ಯೋಗಿಗಳೆಂದು ಹೆಸರು ಬರೆಸಿದವರೇ 60 ಲಕ್ಷ ದಾಟಿದ್ದರು.

ಇಲ್ಲೊಂದು ಸೂಕ್ಷ್ಮವಿದೆ. ಕೆಲಸ ಕಳೆದುಕೊಂಡ ಕಾರ್ಮಿಕರು ಹೆಚ್ಚಾಗಿ ಕಮ್ಯುನಿಸ್ಟರ ಕಡೆ ಹೋದರು. ನಾಜಿಗಳ ಕಡೆ ಹರಿದದ್ದು ಸಣ್ಣ ರೈತರು, ಅಂಗಡಿಕಾರರು, ಕುಶಲಕರ್ಮಿಗಳು, ಗುಮಾಸ್ತರು. ಅದರಲ್ಲೂ ಪ್ರೊಟೆಸ್ಟಂಟ್ ಪ್ರದೇಶಗಳವರು. ಇನ್ನೂ ಎಲ್ಲವನ್ನೂ ಕಳೆದುಕೊಂಡಿರದ, ಆದರೆ ಕಳೆದುಕೊಳ್ಳುವ ಭಯದಲ್ಲಿ ದಿನ ದೂಡುತ್ತಿದ್ದ ಜನ ಇವರು. ಇವರ ಮತ ಹಿಂದೆ ಉದಾರವಾದಿ ಪಕ್ಷಗಳಿಗೆ, ಸಂಪ್ರದಾಯವಾದಿಗಳಿಗೆ, ರೈತರ ಚಿಕ್ಕಪುಟ್ಟ ಪಕ್ಷಗಳಿಗೆ ಬೀಳುತ್ತಿತ್ತು. ನಡುವಿನ ಆ ಪಕ್ಷಗಳು ಕರಗಿದಷ್ಟೂ ನಾಜಿಗಳು ಉಬ್ಬಿದರು. ಕ್ಯಾಥೊಲಿಕ್ಕರ ಸೆಂಟರ್ ಪಕ್ಷ ಮತ್ತು ಕಾರ್ಮಿಕರ ಎಡ ಪಕ್ಷಗಳ ಒಟ್ಟು ಮತ ಮಾತ್ರ ಹೆಚ್ಚೇನೂ ಅಲುಗಲಿಲ್ಲ.

ಎಷ್ಟು ಉಬ್ಬಿದರೂ ಮುಕ್ತ ಚುನಾವಣೆಯಲ್ಲಿ ಅವರಿಗೆ ಬಹುಮತ ಎಂದೂ ಬರಲಿಲ್ಲ. 1932ರ ಏಪ್ರಿಲ್‌ನ ಅಧ್ಯಕ್ಷೀಯ ಚುನಾವಣೆಯಲ್ಲಿ ಹಿಟ್ಲರ್‌ಗೆ ಶೇ 36.8, ಗೆದ್ದ ಹಾಲಿ ಅಧ್ಯಕ್ಷ ಹಿಂಡೆನ್‌ಬರ್ಗ್‌ಗೆ ಶೇ 53. ಅದೇ ನವೆಂಬರ್‌ನಲ್ಲಿ ಮತ್ತೆ ಸಂಸತ್ ಚುನಾವಣೆ ನಡೆದಾಗ ನಾಜಿಗಳು ಇಪ್ಪತ್ತು ಲಕ್ಷ ಮತ ಕಳೆದುಕೊಂಡು ಶೇ 33.1ಕ್ಕೆ ಇಳಿದರು. ಖಜಾನೆ ಬರಿದಾಗಿತ್ತು, ಒಳಜಗಳ ಬೀದಿಗೆ ಬಂದಿತ್ತು. ಅಂದರೆ ಹಿಟ್ಲರ್ ಅಧಿಕಾರಕ್ಕೆ ಬಂದದ್ದು ಅಲೆ ಏರುತ್ತಿದ್ದಾಗಲ್ಲ. ಇಳಿಯಲು ಶುರುವಾದಾಗ.

ಸಂಸತ್ತು ಮೊದಲೇ ಬರಿದಾಗಿತ್ತು

ಹಾಗಾದರೆ ಮೂರನೇ ಒಂದು ಭಾಗ ಮತವಿದ್ದವನಿಗೆ ದೇಶ ಸಿಕ್ಕಿದ್ದು ಹೇಗೆ? ಇದಕ್ಕೆ ಉತ್ತರ ನಾಜಿಗಳ ಬಳಿ ಇಲ್ಲ. ಅವರಿಗಿಂತ ಮೊದಲು ಆಳಿದವರ ಬಳಿ ಇದೆ.

ವೈಮಾರ್ ಸಂವಿಧಾನದ ಮೂರು ವಿಧಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 48ನೇ ವಿಧಿ: ತುರ್ತು ಸ್ಥಿತಿಯಲ್ಲಿ ಅಧ್ಯಕ್ಷರು ಸುಗ್ರೀವಾಜ್ಞೆ ಹೊರಡಿಸಬಹುದು, ಸಂಸತ್ತು ಬೇಡವೆಂದರೆ ಅದನ್ನು ಹಿಂಪಡೆಯಬೇಕು. 25ನೇ ವಿಧಿ: ಅಧ್ಯಕ್ಷರು ಸಂಸತ್ತನ್ನು ವಿಸರ್ಜಿಸಬಹುದು. 53ನೇ ವಿಧಿ: ಪ್ರಧಾನಿಗೆ ಸಮಾನನಾದ ಚಾನ್ಸಲರನ್ನು ನೇಮಿಸುವವರೂ ವಜಾ ಮಾಡುವವರೂ ಅಧ್ಯಕ್ಷರೇ. ಬಿಡಿಬಿಡಿಯಾಗಿ ಯಾವುದೂ ಅಪಾಯಕಾರಿಯಲ್ಲ. ಮೂರನ್ನೂ ಒಟ್ಟಿಗೆ ಹೆಣೆದರೆ ಸಂಸತ್ತೇ ಬೇಕಾಗುವುದಿಲ್ಲ. ಆಜ್ಞೆಯನ್ನು ಸಂಸತ್ತು ತಿರಸ್ಕರಿಸಿತೋ, ಸಂಸತ್ತನ್ನೇ ವಿಸರ್ಜಿಸುವುದು, ಚುನಾವಣೆ ಮುಗಿಯುವತನಕ ಆಜ್ಞೆಯಲ್ಲೇ ಆಳುವುದು.

1930ರ ಮಾರ್ಚ್‌ನಲ್ಲಿ ಇದು ಶುರುವಾಯಿತು. ಆಗ ಇದ್ದದ್ದು ಸೋಷಿಯಲ್ ಡೆಮಾಕ್ರಟರ ನೇತೃತ್ವದ ಬಹುಮತದ ಮೈತ್ರಿ ಸರ್ಕಾರ. ಅದು ಬಿದ್ದದ್ದು ಯಾವ ಮಹಾ ತತ್ವದ ಮೇಲೂ ಅಲ್ಲ, ನಿರುದ್ಯೋಗ ವಿಮೆಗೆ ಯಾರು ಎಷ್ಟು ಕಟ್ಟಬೇಕು ಎಂಬ ಜಗಳದಲ್ಲಿ. ಆಮೇಲೆ ಚಾನ್ಸಲರ್ ಆಗಿ ಬಂದ ಬ್ರೂನಿಂಗ್‌ಗೆ ಬಹುಮತವಿರಲಿಲ್ಲ, ಅಧ್ಯಕ್ಷರ ಬೆಂಬಲವಿತ್ತು. ಜುಲೈನಲ್ಲಿ ಸಂಸತ್ತು ಆತನ ಸುಗ್ರೀವಾಜ್ಞೆಯನ್ನು ತಿರಸ್ಕರಿಸಿತು. ಹಿಂಡೆನ್‌ಬರ್ಗ್ ಸಂಸತ್ತನ್ನು ವಿಸರ್ಜಿಸಿದರು. ನಾಜಿಗಳಿಗೆ 107 ಸ್ಥಾನ ಸಿಕ್ಕ ಚುನಾವಣೆ ಇದೇ. ಎರಡು ವರ್ಷ ಕಾದಿದ್ದರೆ ಆ ಚುನಾವಣೆಯೇ ನಡೆಯುತ್ತಿರಲಿಲ್ಲ.

ಸೋಷಿಯಲ್ ಡೆಮಾಕ್ರಟರು ಇನ್ನೊಂದು ಚುನಾವಣೆಯ ಭಯಕ್ಕೆ ಬ್ರೂನಿಂಗ್‌ನ ಆಜ್ಞೆಗಳನ್ನು ಸಹಿಸಿಕೊಂಡರು. ಸಂಬಳ ಕಡಿತ, ಪಿಂಚಣಿ ಕಡಿತ, ತೆರಿಗೆ ಏರಿಕೆ ಎಲ್ಲವೂ ಆಜ್ಞೆಯಲ್ಲೇ ಬಂದವು. 1932ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನುಗಳು ಐದು. ಸುಗ್ರೀವಾಜ್ಞೆಗಳು ಅರವತ್ತರ ಆಸುಪಾಸು. ಜನರ ಬವಣೆಗೆ ಸಂಸತ್ತಿನಿಂದ ಉತ್ತರ ಬರದಿದ್ದಾಗ, ‘ಈ ಸಂಸತ್ತು ಹರಟೆ ಕಟ್ಟೆ’ ಎಂಬ ನಾಜಿ ಪ್ರಚಾರಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಇದಕ್ಕೆ ಕಳಶವಿಟ್ಟದ್ದು 1932ರ ಜುಲೈ 20. ಹೊಸ ಚಾನ್ಸಲರ್ ಫ್ರಾಂಜ್ ವಾನ್ ಪಾಪೆನ್, ಜರ್ಮನಿಯ ಐದರಲ್ಲಿ ಮೂರು ಪಾಲು ಜನರಿದ್ದ ಪ್ರಷ್ಯಾ ರಾಜ್ಯದ ಸರ್ಕಾರವನ್ನು ಒಂದು ಸುಗ್ರೀವಾಜ್ಞೆಯಿಂದ ಕಿತ್ತುಹಾಕಿದ. ದೇಶದ ಅತಿ ದೊಡ್ಡ ಪೊಲೀಸ್ ಪಡೆ ಸೋಷಿಯಲ್ ಡೆಮಾಕ್ರಟರ ಕೈಯಿಂದ ಜಾರಿತು. ಆರು ತಿಂಗಳ ನಂತರ ಅದೇ ಪೊಲೀಸ್ ಪಡೆ ನಾಜಿ ನಾಯಕ ಗೋರಿಂಗ್‌ಗೆ ಸಿದ್ಧ ಅಡುಗೆಯಂತೆ ಸಿಕ್ಕಿತು.

ಒಂದು ಲೆಕ್ಕಾಚಾರ, ಒಂದು ಜನವರಿ

ಪಾಪೆನ್‌ಗೆ ಜನಬೆಂಬಲ ಎಷ್ಟಿತ್ತೆಂದರೆ, 1932ರ ಸೆಪ್ಟೆಂಬರ್ 12ರಂದು ಆತನ ಸರ್ಕಾರದ ವಿರುದ್ಧ ಬಂದ ಅವಿಶ್ವಾಸ ಗೊತ್ತುವಳಿಗೆ ಪರವಾಗಿ 512, ವಿರುದ್ಧವಾಗಿ 42 ಮತ. ಡಿಸೆಂಬರ್‌ನಲ್ಲಿ ಆತನ ಜಾಗಕ್ಕೆ ಜನರಲ್ ಶ್ಲೈಖರ್ ಬಂದ. ಪಾಪೆನ್‌ಗೆ ಹೊಟ್ಟೆಯುರಿ. 1933ರ ಜನವರಿ 4ರಂದು ಕಲೋನ್‌ನಲ್ಲಿ ಬ್ಯಾಂಕರ್ ಒಬ್ಬರ ಮನೆಯಲ್ಲಿ ಹಿಟ್ಲರ್‌ನನ್ನು ಗುಟ್ಟಾಗಿ ಕಂಡ. ಮುಂದಿನ ಮೂರೂವರೆ ವಾರ ನಡೆದದ್ದು ಅಧ್ಯಕ್ಷರ ಸುತ್ತಲಿನ ಬೆರಳೆಣಿಕೆಯ ಜನರ ಕೋಣೆ ಮಾತು: ಮಗ ಆಸ್ಕರ್, ಕಾರ್ಯದರ್ಶಿ ಮೈಸ್ನರ್, ಪಾಪೆನ್, ಸಂಪ್ರದಾಯವಾದಿ ಪಕ್ಷದ ಹ್ಯೂಗೆನ್‌ಬರ್ಗ್.

ಅವರ ಲೆಕ್ಕ ಹೀಗಿತ್ತು. ಹಿಟ್ಲರ್ ಬಳಿ ಜನ ಇದ್ದಾರೆ, ನಮ್ಮ ಬಳಿ ಇಲ್ಲ. ಆಡಳಿತ, ಸೇನೆ, ಉದ್ಯಮ, ಜಮೀನು ನಮ್ಮ ಬಳಿ ಇವೆ, ಆತನ ಬಳಿ ಇಲ್ಲ. ಆತನನ್ನು ಚಾನ್ಸಲರ್ ಮಾಡೋಣ, ಸುತ್ತ ನಾವು ಕೂರೋಣ. ಎಡಪಂಥೀಯರನ್ನೂ ಕಾರ್ಮಿಕ ಸಂಘಗಳನ್ನೂ ಆತ ಅಡಗಿಸುತ್ತಾನೆ, ಆಮೇಲೆ ನಾವು ಆತನನ್ನು ಅಡಗಿಸುತ್ತೇವೆ. ಜನವರಿ 30ರಂದು ಪ್ರಮಾಣ ವಚನ ಸ್ವೀಕರಿಸಿದ ಸಂಪುಟದಲ್ಲಿ ಹಿಟ್ಲರ್ ಸೇರಿ ನಾಜಿಗಳು ಮೂವರೇ. ಪಾಪೆನ್ ಉಪ ಚಾನ್ಸಲರ್. ಎರಡೇ ತಿಂಗಳಲ್ಲಿ ಹಿಟ್ಲರ್‌ನನ್ನು ಮೂಲೆಗೆ ಒತ್ತಿ ಕೀಚ್ ಎನ್ನಿಸುತ್ತೇವೆ ಎಂದು ಪಾಪೆನ್ ಪರಿಚಿತರೊಬ್ಬರ ಮುಂದೆ ಕೊಚ್ಚಿಕೊಂಡನೆಂದು ಹೇಳಲಾಗುತ್ತದೆ.

ಆದರೆ ಆ ಮೂವರಿಗೆ ಸಿಕ್ಕ ಖಾತೆಗಳನ್ನು ನೋಡಿ. ಫ್ರಿಕ್‌ಗೆ ದೇಶದ ಗೃಹ ಖಾತೆ. ಗೋರಿಂಗ್‌ಗೆ ಪ್ರಷ್ಯಾದ ಗೃಹ ಖಾತೆ, ಅಂದರೆ ಪೊಲೀಸರು. ಸಂಪ್ರದಾಯವಾದಿಗಳು ಕುರ್ಚಿಗಳನ್ನು ಎಣಿಸಿದರು. ನಾಜಿಗಳು ಯಾವ ಕುರ್ಚಿಯ ಕೆಳಗೆ ಲಾಠಿ ಇದೆ ಎಂದು ನೋಡಿದರು.

ಐವತ್ತೆರಡು ದಿನ

ಜನವರಿ 30ರಿಂದ ಮಾರ್ಚ್ 23ರವರೆಗೆ ಐವತ್ತೆರಡು ದಿನ. ಅಷ್ಟರಲ್ಲಿ ಕೆಲಸ ಮುಗಿಯಿತು.

ಅಧಿಕಾರ ಹಿಡಿದ ಎರಡೇ ದಿನಕ್ಕೆ ಸಂಸತ್ ವಿಸರ್ಜನೆ, ಮಾರ್ಚ್ 5ಕ್ಕೆ ಚುನಾವಣೆ. ಫೆಬ್ರುವರಿಯಲ್ಲಿ ಗೋರಿಂಗ್ ನಾಜಿ ಪಡೆಗಳವರನ್ನೂ ಅವರ ಮಿತ್ರ ಸಂಘಟನೆಯವರನ್ನೂ ಸೇರಿಸಿ ಸುಮಾರು ಐವತ್ತು ಸಾವಿರ ಮಂದಿಯ ‘ಸಹಾಯಕ ಪೊಲೀಸ್’ ಪಡೆ ಕಟ್ಟಿದ. ನಿನ್ನೆಯವರೆಗೆ ಬೀದಿಯಲ್ಲಿ ಬಡಿದಾಡುತ್ತಿದ್ದವರ ತೋಳಿಗೆ ಇಂದು ಸರ್ಕಾರದ ಪಟ್ಟಿ.

ಫೆಬ್ರುವರಿ 27ರ ರಾತ್ರಿ ಸಂಸತ್ ಭವನ ರೈಖ್‌ಸ್ಟಾಗ್‌ಗೆ ಬೆಂಕಿ ಬಿತ್ತು. ಒಳಗೆ ಸಿಕ್ಕಿಬಿದ್ದವನು ಡಚ್ ಯುವಕ ಮರಿನಸ್ ವಾನ್ ಡೆರ್ ಲುಬ್ಬೆ. ಆತ ಒಬ್ಬನೇ ಹಚ್ಚಿದನೇ ಎಂಬ ವಾದ ಇತಿಹಾಸಕಾರರ ನಡುವೆ ಬಹುಕಾಲ ನಡೆದಿದೆ. ಆದರೆ ಪರಿಣಾಮದ ಮಟ್ಟಿಗೆ ಕಡ್ಡಿ ಗೀರಿದವರು ಯಾರು ಎನ್ನುವುದಕ್ಕಿಂತ ಮರುದಿನ ಸಹಿ ಹಾಕಿದವರು ಯಾರು ಎನ್ನುವುದು ಮುಖ್ಯ. ಅದೇ 48ನೇ ವಿಧಿ, ಅದೇ ಹಿಂಡೆನ್‌ಬರ್ಗ್. ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ಅಂಚೆ ಮತ್ತು ಟೆಲಿಫೋನಿನ ಗೌಪ್ಯತೆ, ಕಾರಣವಿಲ್ಲದೆ ಬಂಧಿಸದಿರುವ ಖಾತ್ರಿ, ಎಲ್ಲವೂ ‘ಮುಂದಿನ ಆದೇಶದವರೆಗೆ’ ಅಮಾನತು. ಆ ಮುಂದಿನ ಆದೇಶ ಹನ್ನೆರಡು ವರ್ಷ ಬರಲಿಲ್ಲ. ಬೆಂಕಿ ಹಚ್ಚಿದ ಅಪರಾಧಕ್ಕೆ ಆಗ ಮರಣದಂಡನೆ ಇರಲಿಲ್ಲ. ಒಂದು ತಿಂಗಳ ನಂತರ ಕಾನೂನು ಮಾಡಿ, ಅದನ್ನು ಹಿಂದಿನ ದಿನಾಂಕದಿಂದ ಅನ್ವಯಿಸಿ, ಲುಬ್ಬೆಯ ತಲೆ ಕಡಿದರು.

ಇಷ್ಟಾದರೂ, ವಿರೋಧಿಗಳು ಜೈಲಿನಲ್ಲಿದ್ದರೂ, ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದರೂ ಮಾರ್ಚ್ 5ರಂದು ನಾಜಿಗಳಿಗೆ ಸಿಕ್ಕಿದ್ದು ಶೇ 43.9. ಶೇ 8 ಮತ ಪಡೆದ ಹ್ಯೂಗೆನ್‌ಬರ್ಗ್ ಕೂಟ ಸೇರಿದ ಮೇಲಷ್ಟೇ ಬಹುಮತ.

ಇನ್ನು ಬೇಕಿದ್ದದ್ದು ಮೂರನೇ ಎರಡು ಬಹುಮತ. ಸಂಸತ್ತನ್ನು ಕೇಳದೆ ಸರ್ಕಾರವೇ ಕಾನೂನು ಮಾಡಬಹುದು, ಆ ಕಾನೂನು ಸಂವಿಧಾನಕ್ಕೆ ಹೊಂದದಿದ್ದರೂ ನಡೆಯುತ್ತದೆ ಎಂಬ ಐದು ಕಲಮುಗಳ ‘ಅಧಿಕಾರ ಪ್ರದಾನ ಕಾಯ್ದೆ’ಗೆ. ಮಾರ್ಚ್ 23ರಂದು ಬರ್ಲಿನ್‌ನ ಕ್ರೋಲ್ ಒಪೆರಾ ಭವನದಲ್ಲಿ ಸಂಸತ್ತು ಸೇರಿತು. ಕಂದು ಅಂಗಿಯ ನಾಜಿ ಪಡೆಗಳು ಒಳಗೂ ಹೊರಗೂ ನಿಂತಿದ್ದವು. ಆಯ್ಕೆಯಾಗಿದ್ದ 81 ಕಮ್ಯುನಿಸ್ಟರಲ್ಲಿ ಒಬ್ಬರಿಗೂ ಪ್ರವೇಶವಿರಲಿಲ್ಲ. 120 ಸೋಷಿಯಲ್ ಡೆಮಾಕ್ರಟರಲ್ಲಿ ಬರಲು ಸಾಧ್ಯವಾದದ್ದು 94 ಮಂದಿಗೆ. ಗೈರುಹಾಜರಿಯಿಂದ ಕೋರಂ ತಪ್ಪಬಾರದೆಂದು, ಕಾರಣ ಕೊಡದೆ ಬಾರದವರನ್ನು ಹಾಜರೆಂದೇ ಎಣಿಸಲು ಸದನದ ನಿಯಮವನ್ನೂ ತಿದ್ದಿದರು.

ಫಲಿತಾಂಶ: ಪರ 444, ವಿರುದ್ಧ 94. ವಿರುದ್ಧ ಬಿದ್ದ ಅಷ್ಟೂ ಮತ ಸೋಷಿಯಲ್ ಡೆಮಾಕ್ರಟರದು. ಅವರ ನಾಯಕ ಒಟ್ಟೊ ವೆಲ್ಸ್ ಆ ಸದನದಲ್ಲಿ ಎದ್ದು ನಿಂತು, ನಮ್ಮ ಸ್ವಾತಂತ್ರ್ಯವನ್ನೂ ಜೀವವನ್ನೂ ಕಸಿಯಬಹುದು, ಮಾನವನ್ನಲ್ಲ ಎಂದರು.

ಈ ಅಂಕಿಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಬಂಧನ, ಬಹಿಷ್ಕಾರ ಯಾವುದೂ ಇಲ್ಲದೆ ಎಡ ಪಕ್ಷಗಳ ಎಲ್ಲ 201 ಮಂದಿಯೂ ಬಂದು ವಿರುದ್ಧ ಮತ ಹಾಕಿದ್ದರು ಎಂದುಕೊಳ್ಳಿ. ಆಗಲೂ 645 ಮತಗಳಲ್ಲಿ ಪರವಾದದ್ದು 444, ಅಂದರೆ ಮೂರನೇ ಎರಡಕ್ಕಿಂತ ಹೆಚ್ಚು. ಕಾಯ್ದೆ ಪಾಸಾಗುತ್ತಿತ್ತು. ಪಾಸು ಮಾಡಿಸಿದ್ದು ನಾಜಿಗಳಲ್ಲದವರ ಮತ. ಅದರಲ್ಲೂ ಸೆಂಟರ್ ಪಕ್ಷದ ಎಪ್ಪತ್ತಕ್ಕೂ ಹೆಚ್ಚು ಮತ. ಎಲ್ಲರೂ ಬಂದಿದ್ದ ಆ 645ರ ಲೆಕ್ಕದಲ್ಲಿ ಆ ಪಕ್ಷವೊಂದೇ ‘ಇಲ್ಲ’ ಎಂದಿದ್ದರೆ ಅಂಕಿ ಮೂರನೇ ಎರಡರ ಕೆಳಗೆ ಕುಸಿಯುತ್ತಿತ್ತು. ಅವರು ಒಪ್ಪಿದ್ದೇಕೆ? ಚರ್ಚ್‌ಗೆ, ಶಾಲೆಗಳಿಗೆ, ನ್ಯಾಯಾಂಗಕ್ಕೆ ಧಕ್ಕೆಯಿಲ್ಲ ಎಂದು ಹಿಟ್ಲರ್ ಬಾಯಿಮಾತಿನಲ್ಲಿ ಭರವಸೆ ಕೊಟ್ಟಿದ್ದ, ಬರೆದೂ ಕೊಡುವುದಾಗಿ ಹೇಳಿದ್ದ. ಪತ್ರ ಬರಲಿಲ್ಲ. ಹೊರಗೆ ನಿಂತ ಪಡೆಗಳ ಭಯವೂ ಇತ್ತು, ‘ಹೇಗೂ ಆಗುವುದೇ, ಒಳಗಿದ್ದು ಹದಕ್ಕೆ ತರೋಣ’ ಎಂಬ ಆಸೆಯೂ ಇತ್ತು. ಆ ಆಸೆ ಜುಲೈ 5ಕ್ಕೆ ಮುಗಿಯಿತು. ಸೆಂಟರ್ ಪಕ್ಷ ತಾನೇ ವಿಸರ್ಜನೆಗೊಂಡಿತು. ಹ್ಯೂಗೆನ್‌ಬರ್ಗ್‌ನ ಪಕ್ಷ ಅದಕ್ಕೂ ಮೊದಲೇ ಕಣ್ಣು ಮುಚ್ಚಿತ್ತು. ಜುಲೈ 14ರಂದು ನಾಜಿ ಪಕ್ಷ ಬಿಟ್ಟು ಬೇರೆ ಪಕ್ಷ ಇರಕೂಡದೆಂಬ ಕಾನೂನೇ ಬಂತು.

ಆಮೇಲಿನದು ಗೊತ್ತಿರುವ ಕಥೆ. 1934ರ ಜೂನ್ 30ರ ಕೊಲೆಗಳಲ್ಲಿ ಶ್ಲೈಖರ್ ತನ್ನ ಮನೆಯಲ್ಲೇ ಹೆಂಡತಿಯೊಡನೆ ಗುಂಡಿಗೆ ಬಲಿಯಾದ. ಪಾಪೆನ್‌ನ ಇಬ್ಬರು ಆಪ್ತರೂ ಹತರಾದರು. ಮೂರು ದಿನದ ನಂತರ ಸಂಪುಟ ಒಂದು ವಾಕ್ಯದ ಕಾನೂನು ಮಾಡಿ ಆ ಕೊಲೆಗಳನ್ನು ‘ರಾಜ್ಯದ ಆತ್ಮರಕ್ಷಣೆ’ ಎಂದು ಸಕ್ರಮಗೊಳಿಸಿತು. ವೈಮಾರ್ ಸಂವಿಧಾನವನ್ನು ಯಾರೂ ರದ್ದು ಮಾಡಲಿಲ್ಲ, ಮಾಡುವ ಅಗತ್ಯವೇ ಬೀಳಲಿಲ್ಲ.

ಗಾಯ ಆದಲ್ಲೆಲ್ಲ ಹೊಲಿಗೆ

1949ರ ಮೇ 23ರಂದು ಪಶ್ಚಿಮ ಜರ್ಮನಿಯಲ್ಲಿ ಜಾರಿಗೆ ಬಂದ ‘ಮೂಲ ಕಾನೂನು’, ಅಂದರೆ ಈಗಿನ ಸಂವಿಧಾನ, ಓದಲು ಒಣ ದಾಖಲೆ. 1933 ಗೊತ್ತಿದ್ದು ಓದಿದರೆ ಪ್ರತಿ ವಿಧಿಯ ಹಿಂದೆ ಒಂದು ಗಾಯದ ಕಲೆ ಕಾಣುತ್ತದೆ. ಅಧ್ಯಕ್ಷರು ಈಗ ಬಹುಮಟ್ಟಿಗೆ ಅಲಂಕಾರಕ್ಕೆ. 48ನೇ ವಿಧಿಯಂಥದ್ದು ಇಲ್ಲ. ಚಾನ್ಸಲರನ್ನು ಇಳಿಸಬೇಕಾದರೆ ಅದೇ ಮತದಾನದಲ್ಲಿ ಮುಂದಿನವರನ್ನು ಆರಿಸಬೇಕು. ಬೀಳಿಸಲು ಒಂದಾಗಿ ಕಟ್ಟಲು ಬೇರೆಯಾಗುವ ಆಟಕ್ಕೆ ಇದು ತಡೆ. (ಇದು ಯಶಸ್ವಿಯಾಗಿ ಬಳಕೆಯಾದದ್ದು ಒಮ್ಮೆ, 1982ರಲ್ಲಿ ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದಾಗ.) ಮನುಷ್ಯನ ಘನತೆ, ಪ್ರಜಾಪ್ರಭುತ್ವ, ಒಕ್ಕೂಟ ವ್ಯವಸ್ಥೆಯ ತಳಹದಿಯನ್ನು ಎಷ್ಟೇ ದೊಡ್ಡ ಬಹುಮತವಿದ್ದರೂ ತಿದ್ದುಪಡಿಯಿಂದ ತೆಗೆಯುವಂತಿಲ್ಲ. ಮಾರ್ಚ್ 23ರ ಆ 444 ಮತಗಳಿಗೆ ಇದು ನೇರ ಉತ್ತರ.

ಈಗಿನ ಗದ್ದಲದ ಮೂಲ 21ನೇ ವಿಧಿ. ಸ್ವತಂತ್ರ ಪ್ರಜಾಸತ್ತಾತ್ಮಕ ವ್ಯವಸ್ಥೆಯನ್ನು ಕುಗ್ಗಿಸಲು ಅಥವಾ ಇಲ್ಲವಾಗಿಸಲು ಹೊರಟ ಪಕ್ಷ ಸಂವಿಧಾನ ವಿರೋಧಿ ಎಂದು ಅದು ಹೇಳುತ್ತದೆ. ಅದನ್ನು ತೀರ್ಮಾನಿಸುವ ಅಧಿಕಾರ ಸರ್ಕಾರಕ್ಕಿಲ್ಲ, ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯಕ್ಕಷ್ಟೇ. ಸರ್ಕಾರ, ಬುಂಡೆಸ್ಟಾಗ್, ರಾಜ್ಯಗಳ ಸದನ ಈ ಮೂರರಲ್ಲಿ ಯಾವುದಾದರೂ ಅರ್ಜಿ ಹಾಕಬಹುದು. ಪೀಠದ ಎಂಟು ನ್ಯಾಯಾಧೀಶರಲ್ಲಿ ಆರು ಮಂದಿ ಒಪ್ಪಬೇಕು. ಗುಪ್ತಚರ ಸಂಸ್ಥೆಯ ಹಣೆಪಟ್ಟಿಯೇ ನಿಷೇಧ ಎಂದು ಹಲವರು ತಿಳಿದದ್ದು ತಪ್ಪು. ಅದು ನಿಗಾ ಇಡುವ ಆಳವನ್ನು ಹೆಚ್ಚಿಸುತ್ತದೆ, ಅರ್ಜಿಗೆ ಸಾಕ್ಷ್ಯವಾಗಬಹುದು, ಅಷ್ಟೇ.

ನಿಷೇಧ ಆಗಿರುವುದು ಎರಡೇ ಸಲ: 1952ರಲ್ಲಿ ಹಳೆ ನಾಜಿಗಳ ಸೋಷಿಯಲಿಸ್ಟ್ ರೈಖ್ ಪಕ್ಷ, 1956ರಲ್ಲಿ ಕಮ್ಯುನಿಸ್ಟ್ ಪಕ್ಷ. ನವನಾಜಿ ಎನ್‌ಪಿಡಿಯ ವಿರುದ್ಧದ ಮೊದಲ ಪ್ರಯತ್ನ 2003ರಲ್ಲಿ ನಗೆಪಾಟಲಾಯಿತು. ಪಕ್ಷದ ನಾಯಕತ್ವದ ಒಳಗೇ ಸರ್ಕಾರದ ಗೂಢಚಾರರು ತುಂಬಿಕೊಂಡಿದ್ದರಿಂದ ಯಾವ ಮಾತು ಪಕ್ಷದ್ದು, ಯಾವುದು ಸರ್ಕಾರದ್ದು ಎಂದು ಬೇರ್ಪಡಿಸಲಾಗಲಿಲ್ಲ. 2017ರಲ್ಲಿ ಎರಡನೇ ಪ್ರಯತ್ನದ ತೀರ್ಪು ಬಂತು. ಆಗ ನ್ಯಾಯಾಲಯ ಹೇಳಿದ್ದು ಕುತೂಹಲಕರ: ಪಕ್ಷದ ಗುರಿ ಸಂವಿಧಾನ ವಿರೋಧಿಯೇ ಹೌದು, ಆದರೆ ಅದನ್ನು ಸಾಧಿಸುವ ಶಕ್ತಿ ಇದಕ್ಕಿಲ್ಲ, ಆದ್ದರಿಂದ ನಿಷೇಧವಿಲ್ಲ.

ಈ ತೀರ್ಪಿನಿಂದ ಇಕ್ಕಟ್ಟು ಹುಟ್ಟಿತು. ಚಿಕ್ಕದಾಗಿದ್ದಾಗ ನಿಷೇಧಿಸುವ ಅಗತ್ಯವಿಲ್ಲ. ದೊಡ್ಡದಾದ ಮೇಲೆ ಒಂದು ಕೋಟಿ ಮತದಾರರ ಮುಖ ನೋಡಿ ನಿಷೇಧಿಸುವ ಧೈರ್ಯವಿಲ್ಲ.

ನಿಷೇಧ: ಪರ ಮತ್ತು ವಿರುದ್ಧ

ಪರವಾದವರ ಮುಖ್ಯ ವಾದ ಗುಪ್ತಚರ ಸಂಸ್ಥೆಯ ಸಾವಿರಕ್ಕೂ ಹೆಚ್ಚು ಪುಟಗಳ ವರದಿಯಿಂದ ಬಂದದ್ದು. ಎಎಫ್‌ಡಿಯಲ್ಲಿ ಮೇಲುಗೈ ಪಡೆದಿರುವ ನೋಟದ ಪ್ರಕಾರ ‘ಜರ್ಮನ್ ಜನ’ ಎಂದರೆ ರಕ್ತಸಂಬಂಧದಿಂದ ಬಂದವರು. ವಲಸೆ ಹಿನ್ನೆಲೆಯ ಜರ್ಮನ್ ಪೌರರು ಕಾಗದದಲ್ಲಿ ಪೌರರಾದರೂ ಸಮಾನರಲ್ಲ. ಘನತೆ ಎಲ್ಲರಿಗೂ ಒಂದೇ ಎನ್ನುವ ಮೊದಲ ವಿಧಿಗೆ ಇದು ವಿರುದ್ಧ ಎನ್ನುವುದು ಸಂಸ್ಥೆಯ ನಿಲುವು. 2024ರಲ್ಲಿ ಮ್ಯೂನ್‌ಸ್ಟರ್‌ನ ಉನ್ನತ ಆಡಳಿತ ನ್ಯಾಯಾಲಯ, ಪಕ್ಷವನ್ನು ‘ಶಂಕಿತ ಉಗ್ರವಾದಿ’ ಎಂದು ನೋಡುವುದು ಸರಿ ಎಂದಿತ್ತು. ಅದೇ ವರ್ಷ, ತ್ಯುರಿಂಗಿಯಾದ ಎಎಫ್‌ಡಿ ನಾಯಕ ಬ್ಯೋರ್ನ್ ಹ್ಯೋಕೆಗೆ ನಾಜಿ ಪಡೆಯ ನಿಷೇಧಿತ ಘೋಷಣೆ ಬಳಸಿದ್ದಕ್ಕೆ ಎರಡು ಸಲ ದಂಡ ಬಿತ್ತು.

ವಿರೋಧಿಗಳ ವಾದವೂ ಹಗುರವಲ್ಲ. ಗುಪ್ತಚರ ಸಂಸ್ಥೆ ಇರುವುದು ಗೃಹ ಸಚಿವರ ಕೈಕೆಳಗೆ. ಆ ಘೋಷಣೆ ಬಂದದ್ದು ಹಳೆ ಸರ್ಕಾರದ ಕೊನೆಯ ದಿನಗಳಲ್ಲಿ. ಆಳುವವರು ಎದುರಾಳಿಯ ಮೇಲೆ ತನಿಖೆ ಮಾಡಿಸಿದಂತೆ ಕಂಡರೆ ಆಶ್ಚರ್ಯವೇನು? ಮೊಕದ್ದಮೆ ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟೂ ಕಾಲ ಪಕ್ಷಕ್ಕೆ ಹುತಾತ್ಮನ ವೇಷ. ಸೋತರಂತೂ ನ್ಯಾಯಾಲಯವೇ ಪ್ರಮಾಣಪತ್ರ ಕೊಟ್ಟ ಹಾಗೆ. ಚಾನ್ಸಲರ್ ಫ್ರೀಡ್ರಿಶ್ ಮೆರ್ತ್ಸ್ ಕೂಡ ನಿಷೇಧದ ಬಗ್ಗೆ ಹಿಂಜರಿದವರೇ.

‘ನಿಷೇಧಿಸಿದರೆ ಬೆಳೆಯುತ್ತಾರೆ, ವೈಮಾರ್ ನೋಡಿ’ ಎಂಬ ವಾದ ಮಾತ್ರ ಅಷ್ಟು ಗಟ್ಟಿಯಲ್ಲ ಎಂದು ತೋರುತ್ತದೆ. ನಾಜಿ ಪಕ್ಷದ ಮೇಲೆ 1923ರಲ್ಲಿ ನಿಷೇಧ ಬಂತು, 1925ರ ಆರಂಭದಲ್ಲಿ ತೆರವಾಯಿತು. ಕಂದು ಅಂಗಿ ಪಡೆಯನ್ನು 1932ರ ಏಪ್ರಿಲ್‌ನಲ್ಲಿ ನಿಷೇಧಿಸಿದರು, ಜೂನ್‌ನಲ್ಲಿ ಪಾಪೆನ್ ತೆಗೆದುಹಾಕಿದ. ಔಷಧಿ ಕೆಲಸ ಮಾಡಲಿಲ್ಲ ಎನ್ನುವ ಮೊದಲು ಕುಡಿಸಿದ್ದರೇ ಎಂದು ಕೇಳಬೇಕಲ್ಲ.

ಹೋಲಿಕೆಗೂ ಒಂದು ಮಿತಿ

ಎಎಫ್‌ಡಿ ಎಂದರೆ ನಾಜಿ ಪಕ್ಷ ಎಂದು ಗೆರೆ ಎಳೆಯುವುದು ಸುಲಭ, ಆದರೆ ಪ್ರಯೋಜನವಿಲ್ಲ. 2013ರಲ್ಲಿ ಅದು ಹುಟ್ಟಿದ್ದು ಯೂರೊ ನಾಣ್ಯವನ್ನು ವಿರೋಧಿಸುವ ಅರ್ಥಶಾಸ್ತ್ರಜ್ಞರ ಪಕ್ಷವಾಗಿ. ನಂತರದ ವರ್ಷಗಳಲ್ಲಿ ಬಲಕ್ಕೆ, ಇನ್ನೂ ಬಲಕ್ಕೆ ಸರಿಯಿತು. ಲಕ್ಷಗಟ್ಟಲೆ ಮಂದಿಯ ಬೀದಿ ಪಡೆ ಅದಕ್ಕಿಲ್ಲ. ದೇಶದಲ್ಲಿ 60 ಲಕ್ಷ ನಿರುದ್ಯೋಗಿಗಳಿಲ್ಲ. ಸೇನೆಯಲ್ಲೂ ನ್ಯಾಯಾಂಗದಲ್ಲೂ ಗಣರಾಜ್ಯವನ್ನೇ ದ್ವೇಷಿಸುವವರು ತುಂಬಿಕೊಂಡಿಲ್ಲ. ಹಾಗಾಗಿ ‘ಇವರು ನಾಜಿಗಳೇ?’ ಎಂಬ ಪ್ರಶ್ನೆಗಿಂತ ‘ಇವರ ಪಕ್ಕದವರು ಪಾಪೆನ್ ಆಗುತ್ತಾರೆಯೇ?’ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ.

ಜರ್ಮನಿಯಲ್ಲಿ ಈ ಪ್ರಶ್ನೆಗೆ ‘ಬೆಂಕಿ ಗೋಡೆ’ ಎಂಬ ಹೆಸರಿದೆ: ಬೇರೆ ಯಾವ ಪಕ್ಷವೂ ಎಎಫ್‌ಡಿಯೊಡನೆ ಕೈ ಜೋಡಿಸುವುದಿಲ್ಲ ಎಂಬ ಒಪ್ಪಂದ. ಅದು ಎಲ್ಲೂ ಬರೆದಿಟ್ಟ ಕಾನೂನಲ್ಲ. 2020ರ ಫೆಬ್ರುವರಿಯಲ್ಲಿ ತ್ಯುರಿಂಗಿಯಾ ರಾಜ್ಯದಲ್ಲಿ ಉದಾರವಾದಿ ಪಕ್ಷದವರೊಬ್ಬರು ಎಎಫ್‌ಡಿ ಮತಗಳಿಂದ ಮುಖ್ಯಮಂತ್ರಿಯಾದರು. ದೇಶವೆಲ್ಲ ಸಿಡಿದೆದ್ದದ್ದರಿಂದ ಮರುದಿನವೇ ಹುದ್ದೆ ಬಿಡುವುದಾಗಿ ಹೇಳಬೇಕಾಯಿತು. 2025ರ ಜನವರಿ 29ರಂದು, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಮೆರ್ತ್ಸ್ ಮಂಡಿಸಿದ ವಲಸೆ ಕುರಿತ ನಿರ್ಣಯ ಬುಂಡೆಸ್ಟಾಗ್‌ನಲ್ಲಿ ಎಎಫ್‌ಡಿ ಮತಗಳ ಬಲದಿಂದ ಗೆದ್ದಿತು. ಎರಡು ದಿನದ ನಂತರ ಅದೇ ವಿಷಯದ ಮಸೂದೆ ಬಿತ್ತು. ಮೆರ್ತ್ಸ್ ಅವರ ಪಕ್ಷದವರೇ ಕೆಲವರು ಮತ ಹಾಕಲಿಲ್ಲ. ಐವರಲ್ಲಿ ಒಬ್ಬರ ಆಯ್ಕೆಯನ್ನು ಸದಾ ಹೊರಗಿಟ್ಟು ಆಳುವುದು ನ್ಯಾಯವೇ ಎಂದು ಗೋಡೆಯ ಟೀಕಾಕಾರರು ಕೇಳುತ್ತಾರೆ. ಗೋಡೆಯಿಂದಾಗಿ ಉಳಿದವರೆಲ್ಲ ಒಂದೇ ಬುಟ್ಟಿಗೆ ಬಿದ್ದು, ಮೈತ್ರಿಯೊಳಗೆ ಕಚ್ಚಾಡುತ್ತ, ‘ಹಳೆ ಪಕ್ಷಗಳೆಲ್ಲ ಒಂದೇ’ ಎಂಬ ಎಎಫ್‌ಡಿ ಮಾತನ್ನೇ ನಿಜ ಮಾಡುವ ಅಪಾಯವೂ ಇದೆ. 1930ರಲ್ಲಿ ವಿಮೆಯ ಕಂತಿಗೆ ಬಿದ್ದ ಆ ಸರ್ಕಾರವನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಮೂರನೇ ಒಂದರ ಬಲ

ಅಧಿಕಾರಕ್ಕೆ ಬರುವುದೊಂದೇ ದಾರಿಯೂ ಅಲ್ಲ. ಅದಕ್ಕೆ ಮತ್ತೆ ತ್ಯುರಿಂಗಿಯಾವನ್ನೇ ನೋಡಬೇಕು. 1930ರ ಜನವರಿಯಲ್ಲಿ ನಾಜಿಗಳಿಗೆ ಮೊತ್ತಮೊದಲ ಮಂತ್ರಿ ಪದವಿ ಸಿಕ್ಕಿದ್ದು ಇದೇ ರಾಜ್ಯದಲ್ಲಿ. ಮತ ಶೇ 11ರಷ್ಟೇ ಇದ್ದರೂ ಸರ್ಕಾರ ರಚಿಸಲು ಅವರ ಸಹಾಯ ಬೇಕಿತ್ತು. ಹಿಟ್ಲರ್ ಹಟ ಹಿಡಿದು ಕೇಳಿದ್ದು ಗೃಹ ಮತ್ತು ಶಿಕ್ಷಣ, ಕೂರಿಸಿದ್ದು ಫ್ರಿಕ್‌ನನ್ನು. ಮೂರು ವರ್ಷದ ನಂತರ ಬರ್ಲಿನ್‌ನಲ್ಲಿ ಗೃಹ ಖಾತೆ ಹಿಡಿದದ್ದೂ ಅದೇ ಫ್ರಿಕ್.

2024ರ ಸೆಪ್ಟೆಂಬರ್ 1ರಂದು ಅದೇ ತ್ಯುರಿಂಗಿಯಾದಲ್ಲಿ ಎಎಫ್‌ಡಿ ಶೇ 32.8 ಮತ ಪಡೆದು ಮೊದಲ ಸ್ಥಾನಕ್ಕೆ ಬಂತು. ಎರಡನೇ ಮಹಾಯುದ್ಧದ ನಂತರ ಜರ್ಮನಿಯ ರಾಜ್ಯವೊಂದರಲ್ಲಿ ಕಡು ಬಲಪಂಥೀಯ ಪಕ್ಷವೊಂದು ಹೀಗೆ ಮುಂದೆ ಬಂದದ್ದು ಮೊದಲು. ಹೊಸ ವಿಧಾನಸಭೆಯ ಮೊದಲ ಕಲಾಪದ ಅಧ್ಯಕ್ಷತೆ, ಸಂಪ್ರದಾಯದಂತೆ, ಅತಿ ಹಿರಿಯ ಸದಸ್ಯರಿಗೆ. ಆ ಸಲ ಅವರು ಎಎಫ್‌ಡಿಯವರು. ಉಳಿದ ಪಕ್ಷಗಳ ಗೊತ್ತುವಳಿಗಳನ್ನು ಮಂಡಿಸಲೇ ಬಿಡದೆ ಕಲಾಪ ಗೊಂದಲದಲ್ಲಿ ಮುಳುಗಿತು. ರಾಜ್ಯದ ಸಂವಿಧಾನ ನ್ಯಾಯಾಲಯ ನಡುವೆ ಬರಬೇಕಾಯಿತು.

ಇಂಥ ಅಪಾಯಕ್ಕೆ ಬರ್ಲಿನ್ ಎಚ್ಚೆತ್ತಿತ್ತು. ಕಾರ್ಲ್ಸ್‌ರೂಹೆಯ ಸಂವಿಧಾನ ನ್ಯಾಯಾಲಯದಲ್ಲಿ ಹದಿನಾರು ನ್ಯಾಯಾಧೀಶರಿರಬೇಕು, ಅವಧಿ ಹನ್ನೆರಡು ವರ್ಷ ಎಂಬಂಥ ನಿಯಮಗಳು ಅಲ್ಲಿಯವರೆಗೆ ಸಾಮಾನ್ಯ ಕಾಯ್ದೆಯಲ್ಲಿದ್ದವು. ಸಾಮಾನ್ಯ ಬಹುಮತವೊಂದು ಅವನ್ನು ಬದಲಿಸಬಹುದಿತ್ತು. 2024ರ ಡಿಸೆಂಬರ್‌ನಲ್ಲಿ ಮೂರನೇ ಎರಡು ಬಹುಮತದಿಂದ ಅವನ್ನು ಸಂವಿಧಾನದೊಳಕ್ಕೇ ಸೇರಿಸಿದರು. ಹಂಗೆರಿ, ಪೋಲೆಂಡ್‌ಗಳಲ್ಲಿ ಆಳುವ ಪಕ್ಷಗಳು ನ್ಯಾಯಾಲಯಗಳಿಗೆ ಮಾಡಿದ್ದು ಕಣ್ಣ ಮುಂದಿತ್ತು.

ಆದರೆ ಆ ತಿದ್ದುಪಡಿ ಕಾರ್ಲ್ಸ್‌ರೂಹೆಗೆ. ತ್ಯುರಿಂಗಿಯಾದಲ್ಲಿ 88 ಸ್ಥಾನಗಳಲ್ಲಿ 32 ಎಎಫ್‌ಡಿಯ ಕೈಯಲ್ಲಿವೆ, ಮೂರನೇ ಒಂದಕ್ಕಿಂತ ಹೆಚ್ಚು. ಅಂದರೆ ಮೂರನೇ ಎರಡು ಬಹುಮತ ಬೇಕಾದ ಯಾವ ಕೆಲಸವೂ ಅದರ ಒಪ್ಪಿಗೆಯಿಲ್ಲದೆ ಆಗದು. ರಾಜ್ಯದ ನ್ಯಾಯಾಧೀಶರ ನೇಮಕದಲ್ಲಿ ಪಾಲು ಪಡೆಯುವ ಆಯ್ಕೆ ಸಮಿತಿಗೆ ಸದಸ್ಯರನ್ನು ಚುನಾಯಿಸುವುದು ಅಂಥದೊಂದು ಕೆಲಸ. ಚುನಾವಣೆ ಮುಗಿದು ತಿಂಗಳುಗಳು ಉರುಳಿದರೂ ಸಮಿತಿ ರಚನೆಯಾಗಲಿಲ್ಲ. ಎಎಫ್‌ಡಿ ಅಲ್ಲಿ ಯಾವ ನಿಯಮವನ್ನೂ ಮುರಿಯಲಿಲ್ಲ. ಸಂವಿಧಾನ ಕೊಟ್ಟ ಮತವನ್ನು ಕೊಡದೆ ಕುಳಿತಿತು, ಅಷ್ಟೇ.